ಹಳೆಯ ಜೀಪಿಗೆ ಆಕ್ಸಲ್ ಕೊಳ್ಳುವ ಮುನ್ನ: ಡಿಫರೆನ್ಷಿಯಲ್ ಅನುಪಾತವನ್ನು ಗುರುತಿಸುವ ಕ್ರಮ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಮೊದಲಾದ ಕಡೆಗಳ ಕಾಫಿ, ಅಡಿಕೆ ತೋಟಗಳಲ್ಲಿ ಜೀಪು ಕೇವಲ ಓಡಾಟದ ವಾಹನವಲ್ಲ. ಗೊಬ್ಬರದ ಮೂಟೆ, ಕಾಫಿ ಹಣ್ಣು, ಅಡಿಕೆ ಗೊನೆ, ಸಿಂಪರಣೆಯ ನೀರಿನ ಪೀಪಾಯಿ, ಕೆಲಸದ ಆಳುಗಳು ಎಲ್ಲವೂ ಅದರಲ್ಲಿಯೇ ಸಾಗಬೇಕು. ಮಳೆಗಾಲದಲ್ಲಿ ಬೇರೆ ವಾಹನಗಳು ಹತ್ತಲಾರದ ದಿಬ್ಬವನ್ನು ನಾಲ್ಕು ಚಕ್ರಗಳ ಎಳೆತವಿರುವ ಜೀಪು ಹತ್ತುತ್ತದೆ. ಹೀಗೆ ದುಡಿಯುವ ಹಳೆಯ ಜೀಪುಗಳಲ್ಲಿ ಸವೆತಕ್ಕೆ ಬೇಗ ತುತ್ತಾಗುವ ಭಾಗಗಳಲ್ಲಿ ಒಂದು, ಆಕ್ಸಲ್‌ನ ಒಳಗಿರುವ ಕ್ರೌನ್ ಮತ್ತು ಪಿನಿಯನ್.

ಈ ಗೇರುಗಳ ಹಲ್ಲು ಮುರಿದಾಗ ಮಾಲೀಕರು ಸಾಮಾನ್ಯವಾಗಿ ಗುಜರಿ ಅಂಗಡಿಗೆ ಹೋಗಿ, ಬೇರೊಂದು ಹಳೆಯ ವಾಹನದಿಂದ ಕಳಚಿದ ಇಡೀ ಆಕ್ಸಲನ್ನೇ ಕೊಂಡು ತರುತ್ತಾರೆ. ಇದರಿಂದ ಹಣವೂ ಸಮಯವೂ ಉಳಿಯುತ್ತದೆ. ಆದರೆ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ಆಕ್ಸಲ್‌ಗಳ ಒಳಗೆ ಬೇರೆ ಬೇರೆ ಅನುಪಾತದ ಗೇರುಗಳಿರಬಹುದು. ಅದನ್ನು ನೋಡದೆ ಜೋಡಿಸಿದರೆ ಉಳಿಸಿದ ಹಣದ ಹಲವು ಪಟ್ಟು ಖರ್ಚು ಎದುರಾಗುತ್ತದೆ. ಇಳಿಜಾರಿನಲ್ಲಿ ಪ್ರಾಣಕ್ಕೂ ಅಪಾಯ ಒದಗಬಹುದು. ಕೊಳ್ಳುವ ಮುನ್ನ ಹತ್ತು ನಿಮಿಷ ವಿನಿಯೋಗಿಸಿದರೆ ಈ ತೊಂದರೆಯನ್ನು ಪೂರ್ತಿಯಾಗಿ ತಪ್ಪಿಸಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಅನುಪಾತ ಎಂದರೇನು?

ಕಬ್ಬಿನ ಗಾಣಕ್ಕೋ ಹಿಟ್ಟಿನ ಗಿರಣಿಗೋ ಮೋಟಾರು ಜೋಡಿಸುವಾಗ ಮೋಟಾರಿಗೆ ಚಿಕ್ಕ ಪುಲ್ಲಿಯನ್ನೂ ಯಂತ್ರಕ್ಕೆ ದೊಡ್ಡ ಪುಲ್ಲಿಯನ್ನೂ ಹಾಕುವುದು ರೈತರಿಗೆ ತಿಳಿದೇ ಇದೆ. ಇದರಿಂದ ವೇಗ ಕಡಿಮೆಯಾಗಿ ಎಳೆಯುವ ಬಲ ಹೆಚ್ಚುತ್ತದೆ. ಆಕ್ಸಲ್‌ನಲ್ಲಿ ನಡೆಯುವುದೂ ಇದೇ. ಗೇರುಪೆಟ್ಟಿಗೆಯಿಂದ ಬರುವ ಪ್ರೊಪೆಲ್ಲರ್ ಷಾಫ್ಟಿನ ತುದಿಗೆ ಪಿನಿಯನ್ ಎಂಬ ಚಿಕ್ಕ ಗೇರು ಇರುತ್ತದೆ. ಅದು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಕ್ರೌನಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವುದೇ ಡಿಫರೆನ್ಷಿಯಲ್ ಅನುಪಾತ. ಕ್ರೌನಿಗೆ 43, ಪಿನಿಯನ್ನಿಗೆ 8 ಹಲ್ಲುಗಳಿದ್ದರೆ ಅನುಪಾತ 5.375. ಇದನ್ನು 5.38 ಎಂದು ಬರೆಯುವುದು ರೂಢಿ. ಚಕ್ರ ಒಂದು ಸುತ್ತು ತಿರುಗಲು ಷಾಫ್ಟು 5.38 ಸುತ್ತು ತಿರುಗಬೇಕು ಎಂದು ಇದರ ಅರ್ಥ.

ಡಿಫರೆನ್ಷಿಯಲ್ಲಿಗೆ ಇನ್ನೊಂದು ಕೆಲಸವೂ ಇದೆ. ಎತ್ತಿನ ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರವನ್ನೂ ಒಳಗಿನ ಗಾಲಿ ಕಡಿಮೆ ದೂರವನ್ನೂ ಕ್ರಮಿಸುತ್ತದೆ. ಗಾಡಿಯ ಗಾಲಿಗಳು ಅಚ್ಚಿನ ಮೇಲೆ ಬಿಡಿಯಾಗಿ ತಿರುಗುವುದರಿಂದ ತೊಂದರೆಯಿಲ್ಲ. ಮೋಟಾರು ವಾಹನದಲ್ಲಿ ಎಂಜಿನ್ನಿನ ಬಲವನ್ನೂ ಒದಗಿಸಿ, ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲೂ ಬಿಡಬೇಕು. ಇದನ್ನು ಕ್ರೌನಿನೊಂದಿಗೆ ಸೇರಿರುವ ಚಿಕ್ಕ ಗೇರುಗಳ ಗುಂಪು ನೆರವೇರಿಸುತ್ತದೆ. ಸುತ್ತು ಎಣಿಸುವಾಗ ಈ ಗುಣವನ್ನು ನೆನಪಿನಲ್ಲಿಡುವುದು ಅಗತ್ಯ.

ನೋಡಲು ಒಂದೇ, ಒಳಗೆ ಬೇರೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಎಂದರೆ 1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಸೇನಾ ಜೀಪಿನ ಅನುಪಾತ 4.88. ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ರೈತರನ್ನೂ ಗಮನದಲ್ಲಿಟ್ಟುಕೊಂಡು ಸಿಜೆ-2ಎ ಎಂಬ ನಾಗರಿಕ ಜೀಪನ್ನು ಹೊರತಂದಿತು. ನೇಗಿಲು ಎಳೆಯಲು, ನಿಧಾನವಾಗಿ ಭಾರ ಸಾಗಿಸಲು ಹೆಚ್ಚಿನ ಬಲ ಬೇಕಾದ್ದರಿಂದ ಇದರ ಅನುಪಾತವನ್ನು 5.38ಕ್ಕೆ ಏರಿಸಲಾಯಿತು. ಮುಂದೆ ಬಂದ ಸಿಜೆ-3ಬಿ ಜೀಪಿನಲ್ಲಿಯೂ 5.38ರ ಅನುಪಾತವೇ ಇತ್ತು. ಮಹೀಂದ್ರ ಸಂಸ್ಥೆ ಭಾರತದಲ್ಲಿ ಬಹುಕಾಲ ತಯಾರಿಸಿದ, ಎತ್ತರದ ಬಾನೆಟ್ಟಿನ ಜೀಪು ಈ ಸಿಜೆ-3ಬಿ ಮಾದರಿಯದೇ. ಅನಂತರದ ಹಲವು ಡೀಸೆಲ್ ಮಾದರಿಗಳಲ್ಲಿ ಅನುಪಾತಗಳು ಬದಲಾಗಿವೆ.

ಇದಲ್ಲದೆ, ಹಳೆಯ ಜೀಪುಗಳು ಹತ್ತಾರು ವರ್ಷಗಳಲ್ಲಿ ಹಲವು ಕೈಗಳನ್ನು ದಾಟಿ ಬಂದಿರುತ್ತವೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದಾಗ ಕೆಲವರು ಗೇರುಗಳನ್ನೂ ಬದಲಿಸಿರುತ್ತಾರೆ. ಆದ್ದರಿಂದ 'ಇದು ಇಂಥ ಮಾದರಿಯ ಜೀಪಿನದು, ಇಂಥದೇ ಅನುಪಾತ' ಎಂಬ ಅಂಗಡಿಯವರ ಮಾತನ್ನಾಗಲಿ, ಹೌಸಿಂಗ್‌ನ ಮೇಲಿನ ಗುರುತನ್ನಾಗಲಿ ನಂಬಿ ಕೊಳ್ಳಬಾರದು. ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿಯಲ್ಲಿ ಹಲ್ಲುಗಳ ಸಂಖ್ಯೆ ಇರುವುದುಂಟು. ಮುಚ್ಚಳ ಬದಲಾಗಿದ್ದರೆ ಆ ಚೀಟಿಯೂ ಸುಳ್ಳಾಗುತ್ತದೆ.

ಮುಂದಿನ ಮತ್ತು ಹಿಂದಿನ ಆಕ್ಸಲ್ ಏಕೆ ಸರಿಸಮನಾಗಿರಬೇಕು?

ಈ ಜೀಪುಗಳಲ್ಲಿ ನಾಲ್ಕು ಚಕ್ರಗಳ ಎಳೆತವನ್ನು ತೊಡಗಿಸಿದಾಗ ಟ್ರಾನ್ಸ್‌ಫರ್ ಕೇಸ್ ಮುಂದಿನ ಷಾಫ್ಟನ್ನೂ ಹಿಂದಿನ ಷಾಫ್ಟನ್ನೂ ಒಂದಕ್ಕೊಂದು ಬಿಗಿದು, ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸುತ್ತದೆ. ಇವೆರಡರ ನಡುವೆ ಬೇರೆ ಡಿಫರೆನ್ಷಿಯಲ್ ಇರುವುದಿಲ್ಲ. ಹೀಗಿರುವಾಗ ಎರಡು ಆಕ್ಸಲ್‌ಗಳ ಅನುಪಾತ ಬೇರೆಯಾದರೆ ಏನಾಗುವುದೆಂಬುದನ್ನು ಲೆಕ್ಕ ಹಾಕಿ ನೋಡಬಹುದು.

6.00-16 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ದೂರ ಹೋಗುತ್ತದೆ. ಹಾಗಾದರೆ 100 ಮೀಟರ್ ಸಾಗಲು ಚಕ್ರ ಸುಮಾರು 45 ಸುತ್ತು ತಿರುಗಬೇಕು. ಮುಂದಿನ ಅನುಪಾತ 5.38 ಇದ್ದರೆ ಮುಂದಿನ ಷಾಫ್ಟು ಸುಮಾರು 244 ಸುತ್ತು ತಿರುಗಬೇಕಾಗುತ್ತದೆ. ಹಿಂದಿನದು 4.88 ಇದ್ದರೆ ಹಿಂದಿನ ಷಾಫ್ಟಿಗೆ ಸುಮಾರು 222 ಸುತ್ತು ಸಾಕು. ಪ್ರತಿ 100 ಮೀಟರಿಗೆ 22 ಸುತ್ತುಗಳ ವ್ಯತ್ಯಾಸ! ಎರಡು ಷಾಫ್ಟುಗಳೂ ಒಂದಕ್ಕೊಂದು ಬಿಗಿದಿರುವುದರಿಂದ ಈ ವ್ಯತ್ಯಾಸ ಟೈರಿನ ಜಾರುವಿಕೆಯಿಂದಲೇ ತೀರಬೇಕು.

ಕೆಸರಿನಲ್ಲಿ ಟೈರು ಹೇಗೂ ಜಾರುವುದರಿಂದ ಮೊದಮೊದಲು ದೋಷ ಗೊತ್ತಾಗುವುದಿಲ್ಲ. ಗಟ್ಟಿ ನೆಲ, ಕಲ್ಲು ಹಾಸಿದ ದಾರಿ ಅಥವಾ ಡಾಂಬರು ರಸ್ತೆಗೆ ಬಂದಾಗ ಟೈರು ಜಾರದೆ ಷಾಫ್ಟುಗಳು ಹಗ್ಗ ಹುರಿಗೊಂಡಂತೆ ಬಿಗಿಯುತ್ತವೆ. ಸ್ಟೀರಿಂಗ್ ಭಾರವಾಗುತ್ತದೆ, ನಾಲ್ಕು ಚಕ್ರಗಳ ಗೇರಿನ ಹಿಡಿ ಬಿಡಿಸಲು ಬರುವುದಿಲ್ಲ, ಟೈರು ಬೇಗ ಸವೆಯುತ್ತದೆ. ಕೊನೆಗೆ ಯೂನಿವರ್ಸಲ್ ಜಾಯಿಂಟ್, ಆಕ್ಸಲ್ ಷಾಫ್ಟ್ ಅಥವಾ ಟ್ರಾನ್ಸ್‌ಫರ್ ಕೇಸಿನ ಗೇರು ಮುರಿಯುತ್ತದೆ. ಇದಕ್ಕಿಂತ ಹೆಚ್ಚಿನ ಅಪಾಯ ಒದ್ದೆಯಾದ ಇಳಿಜಾರಿನದು. ಒಂದು ಜೊತೆ ಚಕ್ರಗಳು ಯಾವಾಗಲೂ ಜಾರುತ್ತಲೇ ಇರುವುದರಿಂದ ನೆಲದ ಹಿಡಿತ ತಪ್ಪಿ ವಾಹನ ಅಡ್ಡ ತಿರುಗಬಹುದು. ನಾಲ್ಕು ಚಕ್ರಗಳ ಎಳೆತ ಬೇಕಾಗುವುದೇ ಇಂಥ ಜಾಗದಲ್ಲಿ ಎಂಬುದನ್ನು ಮರೆಯಬಾರದು.

ಆದ್ದರಿಂದ ಹೊಸದಾಗಿ ತರುವ ಆಕ್ಸಲ್‌ನ ಅನುಪಾತವನ್ನಷ್ಟೇ ಅಲ್ಲ, ಜೀಪಿನಲ್ಲಿ ಉಳಿಯುವ ಆಕ್ಸಲ್‌ನ ಅನುಪಾತವನ್ನೂ ಮೊದಲು ತಿಳಿದುಕೊಳ್ಳಬೇಕು.

ಮೊದಲನೆಯ ಕ್ರಮ: ಸುತ್ತು ಎಣಿಸುವುದು

ಆಕ್ಸಲನ್ನು ಬಿಚ್ಚದೆಯೇ ಅನುಪಾತವನ್ನು ಹೀಗೆ ಕಂಡುಹಿಡಿಯಬಹುದು.

1. ಗುಜರಿ ಅಂಗಡಿಯಲ್ಲಿರುವ ಬಿಡಿ ಆಕ್ಸಲನ್ನು ಎರಡು ಮರದ ದಿಮ್ಮಿಗಳ ಮೇಲೆ ಭದ್ರವಾಗಿ ಇಡಬೇಕು. ಡ್ರಮ್ಮುಗಳು ಎಲ್ಲಿಯೂ ತಗಲದೆ ತಿರುಗುವಂತಿರಬೇಕು.

2. ಆಕ್ಸಲ್ ಜೀಪಿನಲ್ಲಿಯೇ ಇದ್ದರೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಎತ್ತಿದ ಆಕ್ಸಲ್‌ನ ಕೆಳಗೆ ಎರಡೂ ಬದಿ ಗಟ್ಟಿಯಾದ ಸ್ಟ್ಯಾಂಡ್ ಇಡಬೇಕು. ಬರಿಯ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ಹೋಗಬಾರದು. ಗೇರನ್ನೂ ಟ್ರಾನ್ಸ್‌ಫರ್ ಕೇಸನ್ನೂ ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕನ್ನು ಸಡಿಲಿಸಬೇಕು.

3. ಮುಂದಿನ ಚಕ್ರಗಳಿಗೆ ಫ್ರೀ ವೀಲ್ ಹಬ್ ಇದ್ದರೆ ಎರಡನ್ನೂ 'ಲಾಕ್' ಸ್ಥಿತಿಗೆ ತಿರುಗಿಸಬೇಕು. ಇಲ್ಲವಾದರೆ ಚಕ್ರ ತಿರುಗಿದರೂ ಷಾಫ್ಟು ತಿರುಗುವುದಿಲ್ಲ.

4. ಪಿನಿಯನ್ನಿನ ಫ್ಲೇಂಜಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ, ಅದರ ಎದುರಿಗೆ ಹೌಸಿಂಗ್‌ನ ಮೇಲೆ ಇನ್ನೊಂದು ಗೆರೆ ಎಳೆಯಬೇಕು. ಒಂದು ಬದಿಯ ಚಕ್ರ ಅಥವಾ ಡ್ರಮ್ಮಿನ ಮೇಲೂ ಹೀಗೆಯೇ ಗುರುತು ಮಾಡಬೇಕು.

5. ಇನ್ನೊಂದು ಬದಿಯ ಚಕ್ರ ಸ್ವಲ್ಪವೂ ಅಲುಗದಂತೆ ತಡೆಯಬೇಕು. ಬಿಡಿ ಆಕ್ಸಲ್ ಆದರೆ ಡ್ರಮ್ಮಿನ ಸ್ಟಡ್ಡುಗಳ ನಡುವೆ ಕಬ್ಬಿಣದ ಸರಳು ಸಿಕ್ಕಿಸಿ ಒಬ್ಬರು ಹಿಡಿದರೆ ಸಾಕು.

6. ಗುರುತು ಮಾಡಿದ ಚಕ್ರವನ್ನು ಒಂದೇ ದಿಕ್ಕಿನಲ್ಲಿ ಸರಿಯಾಗಿ 20 ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಫ್ಲೇಂಜು ಎಷ್ಟು ಸುತ್ತು ತಿರುಗಿತೆಂಬುದನ್ನು ಇನ್ನೊಬ್ಬರು ಎಣಿಸಬೇಕು. ಆ ಸಂಖ್ಯೆಯನ್ನು 10ರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ.

20 ಸುತ್ತಿಗೆ 10ರಿಂದ ಏಕೆ ಭಾಗಿಸಬೇಕೆಂಬ ಸಂದೇಹ ಬರಬಹುದು. ಒಂದು ಚಕ್ರ ನಿಂತಿರುವಾಗ ಇನ್ನೊಂದು ಚಕ್ರ ಎರಡು ಸುತ್ತು ತಿರುಗಿದರೆ ಕ್ರೌನ್ ಒಂದೇ ಸುತ್ತು ತಿರುಗುತ್ತದೆ. ಇದು ಡಿಫರೆನ್ಷಿಯಲ್ಲಿನ ಗುಣ. ಚಕ್ರದ 20 ಸುತ್ತೆಂದರೆ ಕ್ರೌನಿನ 10 ಸುತ್ತು. ಇದನ್ನು ಗಮನಿಸದೆ ಚಕ್ರವನ್ನು ಒಂದು ಸುತ್ತು ತಿರುಗಿಸಿ, ಫ್ಲೇಂಜು ಎರಡೂವರೆ ಸುತ್ತು ತಿರುಗಿತೆಂದು ಅನುಪಾತ 2.5 ಎಂದುಕೊಳ್ಳುವುದು ತಪ್ಪು. ಇನ್ನೊಂದು ಚಕ್ರವನ್ನು ತಡೆಯದೆ ಬಿಡುವುದೂ ತಪ್ಪು. ಆಗ ಅದು ಎದುರು ದಿಕ್ಕಿಗೆ ತಿರುಗಿ ಎಣಿಕೆಯೇ ಕೆಡುತ್ತದೆ.

ಒಂದೇ ಸುತ್ತಿನ ಎಣಿಕೆ ಏಕೆ ಸಾಲದು ಎಂಬುದೂ ಸ್ಪಷ್ಟ. 5.38 ಮತ್ತು 4.88ರ ನಡುವೆ ಒಂದು ಸುತ್ತಿನಲ್ಲಿ ಕಾಣುವ ವ್ಯತ್ಯಾಸ ಫ್ಲೇಂಜಿನ ಕಾಲು ಸುತ್ತು ಮಾತ್ರ. ಹಳೆಯ ಗೇರಿನ ಸಡಿಲಿನಲ್ಲಿ ಇದು ಮರೆಯಾಗಿಬಿಡುತ್ತದೆ. 20 ಸುತ್ತಿನಲ್ಲಿಯಾದರೆ ಪೂರ್ತಿ ಐದು ಸುತ್ತುಗಳ ವ್ಯತ್ಯಾಸ ಬರುವುದರಿಂದ ಸಂದೇಹಕ್ಕೆ ಎಡೆಯಿಲ್ಲ.

ಹಳೆಯ ಜೀಪು, ಕಾರುಗಳಲ್ಲಿ ಬಳಕೆಯಾದ ಕೆಲವು ಗೇರುಗಳ ವಿವರ ಹೀಗಿದೆ:

ಕ್ರೌನ್ 43, ಪಿನಿಯನ್ 8 — ಅನುಪಾತ 5.38 — 20 ಸುತ್ತಿಗೆ ಫ್ಲೇಂಜು 53¾ ಸುತ್ತು
ಕ್ರೌನ್ 39, ಪಿನಿಯನ್ 8 — ಅನುಪಾತ 4.88 — 48¾ ಸುತ್ತು
ಕ್ರೌನ್ 41, ಪಿನಿಯನ್ 9 — ಅನುಪಾತ 4.56 — ಸುಮಾರು 45½ ಸುತ್ತು
ಕ್ರೌನ್ 43, ಪಿನಿಯನ್ 10 — ಅನುಪಾತ 4.30 — 43 ಸುತ್ತು
ಕ್ರೌನ್ 41, ಪಿನಿಯನ್ 10 — ಅನುಪಾತ 4.10 — 41 ಸುತ್ತು

ಕೆಲವೆಡೆ 4.875 ಎಂದೂ ಕೆಲವೆಡೆ 4.88 ಎಂದೂ ಬರೆದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಅವು ಒಂದೇ. 4.55 ಮತ್ತು 4.56 ಕೂಡ ಹಾಗೆಯೇ.

ಎರಡನೆಯ ಕ್ರಮ: ಹಲ್ಲು ಎಣಿಸುವುದು

ಸುತ್ತು ಎಣಿಸಿ ತಿಳಿದದ್ದನ್ನು ಹಲ್ಲು ಎಣಿಸಿ ದೃಢಪಡಿಸಿಕೊಳ್ಳುವುದು ಉತ್ತಮ. ಜೀಪಿನ ಆಕ್ಸಲ್‌ಗೆ ಬೋಲ್ಟು ಹಾಕಿದ ಮುಚ್ಚಳವಿರುತ್ತದೆ. ಕೆಳಗೆ ಪಾತ್ರೆಯಿಟ್ಟು ಎಣ್ಣೆ ಇಳಿಸಿ, ಮುಚ್ಚಳ ತೆಗೆದು, ಗೇರುಗಳನ್ನು ಬಟ್ಟೆಯಿಂದ ಒರೆಸಬೇಕು. ಕ್ರೌನಿನ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ನಿಧಾನವಾಗಿ ತಿರುಗಿಸುತ್ತ ಅದೇ ಹಲ್ಲು ಮತ್ತೆ ಬರುವವರೆಗೆ ಎಣಿಸಬೇಕು. ಪಿನಿಯನ್ನಿನ ಹಲ್ಲುಗಳನ್ನೂ ಹೀಗೆಯೇ ಎಣಿಸಬೇಕು. ಹಲವು ಕ್ರೌನ್‌ಗಳ ಅಂಚಿನಲ್ಲಿ ಎರಡೂ ಸಂಖ್ಯೆಗಳನ್ನು ಅಚ್ಚೊತ್ತಿರುತ್ತಾರೆ.

ಮುಚ್ಚಳ ತೆರೆದಾಗ ಇನ್ನೂ ಕೆಲವು ಸಂಗತಿಗಳು ತಾವಾಗಿಯೇ ತಿಳಿಯುತ್ತವೆ. ಎಣ್ಣೆಯಲ್ಲಿ ಲೋಹದ ಚೂರುಗಳಿದ್ದರೆ ಬೇರಿಂಗ್ ಅಥವಾ ಹಲ್ಲು ಕೆಟ್ಟಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಹಳ್ಳ ದಾಟುವಾಗ ನೀರು ಸೇರಿದೆ. ಹಲ್ಲುಗಳು ನೀಲಿ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಯಿಲ್ಲದೆ ಓಡಿ ಕಾದಿದೆ. ಹಲ್ಲಿನ ಮೈಯಲ್ಲಿ ಗುಳಿಗಳು ಬಿದ್ದಿದ್ದರೆ ಅಥವಾ ಅಂಚು ಒಡೆದಿದ್ದರೆ ಅಂಥ ಆಕ್ಸಲನ್ನು ಕೊಳ್ಳಬಾರದು.

ಕ್ರೌನ್ ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ಆದ್ದರಿಂದ ಒಂದರ ಕ್ರೌನನ್ನೂ ಇನ್ನೊಂದರ ಪಿನಿಯನ್ನನ್ನೂ ಸೇರಿಸಿ ಜೋಡಿ ಮಾಡಬಾರದು. ಹಲ್ಲುಗಳ ಸಂಖ್ಯೆ ಸರಿಹೊಂದಿದರೂ ಅಂಥ ಜೋಡಿ ಸದ್ದು ಮಾಡಿ ಬೇಗ ಹಾಳಾಗುತ್ತದೆ.

ಅನುಪಾತ ಬದಲಾದರೆ ಎಳೆತಕ್ಕೆ ಏನಾಗುತ್ತದೆ?

ಎರಡೂ ಆಕ್ಸಲ್‌ಗಳನ್ನು ಒಟ್ಟಿಗೆ ಬದಲಿಸಿ, ಬೇರೆ ಅನುಪಾತಕ್ಕೆ ಹೋಗುವ ಯೋಚನೆಯೂ ಕೆಲವರಿಗಿರುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಬಲ ಹೆಚ್ಚು, ವೇಗ ಕಡಿಮೆ. ಸಂಖ್ಯೆ ಕಡಿಮೆಯಾದಷ್ಟೂ ವೇಗ ಹೆಚ್ಚು, ಬಲ ಕಡಿಮೆ.

ಸಿಜೆ-3ಬಿ ಜೀಪಿನ ಮೂರು ಗೇರುಗಳ ಪೆಟ್ಟಿಗೆಯಲ್ಲಿ ಮೊದಲ ಗೇರಿನ ಅನುಪಾತ 2.80, ಟ್ರಾನ್ಸ್‌ಫರ್ ಕೇಸಿನ ಕೆಳ ಗೇರಿನದು 2.46. ಇವೆರಡನ್ನೂ 5.38ರೊಂದಿಗೆ ಗುಣಿಸಿದರೆ ಒಟ್ಟು ಸುಮಾರು 37 ಬರುತ್ತದೆ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಜೀಪು ಗಂಟೆಗೆ ಸುಮಾರು 3.6 ಕಿ.ಮೀ. ವೇಗದಲ್ಲಿ, ಎಂದರೆ ಮನುಷ್ಯನ ನಿಧಾನ ನಡಿಗೆಯಲ್ಲಿ ಸಾಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತದೆ ಎಂಜಿನ್ನಿನ ತಡೆಯಿಂದಲೇ ಇಳಿಯಲು ಇದು ಅನುಕೂಲ. ಅದೇ ಜೀಪಿಗೆ 4.30ರ ಆಕ್ಸಲ್‌ಗಳನ್ನು ಹಾಕಿದರೆ ಈ ವೇಗ ಸುಮಾರು 4.5 ಕಿ.ಮೀ.ಗೆ ಏರಿ, ಚಕ್ರಕ್ಕೆ ಸಿಗುವ ಬಲ ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. ದಿಬ್ಬ ಹತ್ತುವಾಗ ಕ್ಲಚ್ ಸುಡುವುದು, ಇಳಿಯುವಾಗ ಬ್ರೇಕಿನ ಮೇಲೆಯೇ ಭಾರ ಬೀಳುವುದು ಇದರ ಫಲ.

ರಸ್ತೆಯ ಮೇಲೆ ಇದರ ಪರಿಣಾಮ ವಿರುದ್ಧವಾಗಿರುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ 5.38ರಲ್ಲಿ ಗಂಟೆಗೆ ಸುಮಾರು 49 ಕಿ.ಮೀ., 4.88ರಲ್ಲಿ 54 ಕಿ.ಮೀ., 4.30ರಲ್ಲಿ 61 ಕಿ.ಮೀ. ವೇಗ ಸಿಗುತ್ತದೆ. ತೋಟದೊಳಗೇ ದುಡಿಯುವ ಜೀಪಿಗೆ 5.38 ಉಚಿತ. ಕಡಿಮೆ ಸುತ್ತಿನಲ್ಲಿಯೇ ಬಲ ಕೊಡುವ ಡೀಸೆಲ್ ಎಂಜಿನ್ ಕೂರಿಸಿ, ಹೆಚ್ಚಾಗಿ ಪೇಟೆಗೆ ಓಡಾಡುವ ಜೀಪಿಗೆ 4.88 ಒಗ್ಗಬಹುದು. ಹೀಗೆ ಬದಲಿಸಿದಾಗ ಸ್ಪೀಡೋಮೀಟರ್ ತಪ್ಪು ವೇಗ ತೋರಿಸುತ್ತದೆ. 5.38ರಿಂದ 4.88ಕ್ಕೆ ಹೋದರೆ ಮುಳ್ಳು 40 ತೋರಿಸುವಾಗ ನಿಜವಾದ ವೇಗ 44 ಕಿ.ಮೀ. ಇರುತ್ತದೆ.

ಕೊಳ್ಳುವಾಗ ಗಮನಿಸಬೇಕಾದ ಇತರ ಅಂಶಗಳು

ಅನುಪಾತ ಸರಿಯಿದ್ದ ಮಾತ್ರಕ್ಕೆ ಆಕ್ಸಲ್ ಹೊಂದುತ್ತದೆಂದು ಹೇಳಲಾಗದು. ಚಕ್ರದಿಂದ ಚಕ್ರಕ್ಕಿರುವ ಅಗಲ, ಪಟ್ಟಿ ಸ್ಪ್ರಿಂಗು ಕೂರುವ ಜಾಗಗಳ ನಡುವಿನ ಅಂತರ, ಬ್ರೇಕ್ ಡ್ರಮ್ಮಿನ ಅಳತೆ, ಚಕ್ರದ ಬೋಲ್ಟುಗಳ ಸಂಖ್ಯೆ ಮತ್ತು ಷಾಫ್ಟಿನ ಸ್ಪ್ಲೈನುಗಳ ಸಂಖ್ಯೆ ಇವೆಲ್ಲವನ್ನೂ ಹಳೆಯ ಆಕ್ಸಲ್‌ನೊಂದಿಗೆ ಹೋಲಿಸಿ ನೋಡಬೇಕು. ಹಳೆಯ ಜೀಪಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ನಡುವೆ ಇರದೆ ಒಂದು ಬದಿಗೆ ಸರಿದಿರುತ್ತದೆ. ಡಿಫರೆನ್ಷಿಯಲ್ ನಡುವೆ ಇರುವ ಕಾರಿನ ಆಕ್ಸಲನ್ನು ಇದಕ್ಕೆ ಹಾಕಿದರೆ ಷಾಫ್ಟು ಓರೆಯಾಗಿ ಜಾಯಿಂಟುಗಳು ಬೇಗ ಕೆಡುತ್ತವೆ.

ಬೇಕಾದ ಅನುಪಾತದ ಆಕ್ಸಲ್ ತಕ್ಷಣ ಸಿಗದೆ, ಬೇರೆ ಅನುಪಾತದ್ದನ್ನು ಹಿಂದಕ್ಕೆ ಹಾಕಿ ಕೆಲಸ ಸಾಗಿಸಬೇಕಾಗಿ ಬಂದರೆ ಮುಂದಿನ ಪ್ರೊಪೆಲ್ಲರ್ ಷಾಫ್ಟನ್ನು ಕಳಚಿಡಬೇಕು. ಆಗ ಯಾರಾದರೂ ತಿಳಿಯದೆ ನಾಲ್ಕು ಚಕ್ರಗಳ ಹಿಡಿ ಎಳೆದರೂ ಹಾನಿಯಾಗದು. ಆದರೆ ಅಂಥ ಜೀಪನ್ನು ಮಳೆಗಾಲದ ಕಡಿದಾದ ದಾರಿಗೆ ಒಯ್ಯಬಾರದು.

ಜೋಡಿಸಿದ ಮೇಲೆ ಹೈಪಾಯಿಡ್ ಗೇರುಗಳಿಗೆಂದೇ ತಯಾರಿಸಿದ 90ನೆಯ ದರ್ಜೆಯ ಎಣ್ಣೆಯನ್ನು ಹಾಕಬೇಕು. ಎಂಜಿನ್ ಎಣ್ಣೆ ಇದಕ್ಕೆ ಸಲ್ಲದು. ಹೌಸಿಂಗ್‌ನ ಮೇಲಿರುವ ಗಾಳಿರಂಧ್ರ ಕಟ್ಟಿಕೊಂಡಿದ್ದರೆ ಎಣ್ಣೆ ಸೀಲಿನಿಂದ ಹೊರಬಂದು ಬ್ರೇಕಿಗೆ ಹರಿಯುತ್ತದೆ; ಅದನ್ನು ಶುಚಿಗೊಳಿಸಬೇಕು. ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿರಬೇಕು. ಮುಂದೆ ಸವೆದ ಟೈರು, ಹಿಂದೆ ದೊಡ್ಡ ಅಳತೆಯ ಹೊಸ ಟೈರು ಹಾಕಿದರೆ ಅನುಪಾತ ತಪ್ಪಿದಂತೆಯೇ ಪರಿಣಾಮವಾಗುತ್ತದೆ.

ಕೆಟ್ಟ ಭಾಗದ ಜಾಗದಲ್ಲಿ ಅದೇ ಬಗೆಯ ಭಾಗವನ್ನು ಹಾಕುವುದು ದುರಸ್ತಿ. ಆದರೆ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. ಎಂಜಿನ್ ಬದಲಿಸುವಂಥ ಕೆಲಸಕ್ಕೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಗುಜರಿಯಿಂದ ಕೊಂಡ ಭಾಗಕ್ಕೆ ರಸೀದಿ ಪಡೆದಿಟ್ಟುಕೊಳ್ಳುವುದೂ ಅಗತ್ಯ.

ಒಂದು ತುಂಡು ಸೀಮೆಸುಣ್ಣ, ಎರಡು ಮರದ ದಿಮ್ಮಿ, ಜೊತೆಗೊಬ್ಬ ಆಳು ಇಷ್ಟಿದ್ದರೆ ಅನುಪಾತವನ್ನು ಅಂಗಡಿಯಲ್ಲಿಯೇ ಗುರುತಿಸಬಹುದು. ತಮ್ಮ ಜೀಪಿನ ಎರಡೂ ಆಕ್ಸಲ್‌ಗಳ ಹಲ್ಲುಗಳ ಸಂಖ್ಯೆಯನ್ನು ಒಮ್ಮೆ ಎಣಿಸಿ ವಾಹನದ ಕಾಗದಪತ್ರಗಳ ಜೊತೆ ಬರೆದಿಟ್ಟುಕೊಂಡ ಮಾಲೀಕರಿಗೆ, ಮಳೆಗಾಲದ ನಡುವೆ ಗೇರು ಮುರಿದರೂ ಯಾವ ಆಕ್ಸಲ್ ತರಬೇಕೆಂದು ತಡಕಾಡಬೇಕಾಗುವುದಿಲ್ಲ.